ಕುಂಡದ ಉಳ್ಳಾಗಡ್ಡಿಗೆ ಎಂಥ ನೀರು?

ಬಳ್ಳಾರಿ ಸುತ್ತಲಿನ ಎರೆ ಹೊಲಗಳಲ್ಲಿ ಹತ್ತಿ, ಸಿರುಗುಪ್ಪದ ಕಾಲುವೆ ಬಯಲಿನಲ್ಲಿ ಭತ್ತ, ಮನೆ ಮಾಳಿಗೆಯ ಮೇಲೆ ಒಂದು ಕುಂಡದಲ್ಲಿ ನಾಲ್ಕು ಉಳ್ಳಾಗಡ್ಡಿ. ಈ ಮೂರೂ ಉಪ್ಪನ್ನು ಒಂದೇ ರೀತಿ ತಾಳಿಕೊಳ್ಳುವುದಿಲ್ಲ. ಮಣ್ಣಿನ ನೀರಿನಲ್ಲಿ ಎಷ್ಟು ಲವಣ ಕರಗಿದೆ ಎಂಬುದನ್ನು ಅದರ ಮೂಲಕ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದರಿಂದ ಅಳೆಯುತ್ತಾರೆ. ಆ ಅಳತೆಯ ಮಾನ ಮೀಟರಿಗೆ ಇಷ್ಟು ಡೆಸಿಸೀಮನ್ಸ್ ಎಂಬುದು, ಇಲ್ಲಿ ಚಿಕ್ಕದಾಗಿ ಡೆಸಿಸೀಮನ್ಸ್ ಎನ್ನೋಣ. ಹತ್ತಿ 7.7 ಡೆಸಿಸೀಮನ್ಸ್‌ವರೆಗೆ ಬಗ್ಗುವುದಿಲ್ಲ. ಭತ್ತ 3 ದಾಟಿದರೆ ಸೊರಗುತ್ತದೆ. ಉಳ್ಳಾಗಡ್ಡಿ 1.2ಕ್ಕೇ ಸೋಲತೊಡಗುತ್ತದೆ, ಅಲ್ಲಿಂದ ಮೇಲೆ ಒಂದೊಂದು ಡೆಸಿಸೀಮನ್ಸ್ ಏರಿದಂತೆಲ್ಲ ಗಡ್ಡೆಯ ಇಳುವರಿ ಸುಮಾರು ಶೇ 16ರಷ್ಟು ಇಳಿಯುತ್ತದೆ. 1977ರಲ್ಲಿ ಅಮೆರಿಕದ ಮಾಸ್ ಮತ್ತು ಹಾಫ್‌ಮನ್ ಎಂಬ ವಿಜ್ಞಾನಿಗಳು ಹತ್ತಾರು ಬೆಳೆಗಳ ಪ್ರಯೋಗಗಳನ್ನು ಒಟ್ಟುಮಾಡಿ ಕೊಟ್ಟ ಪಟ್ಟಿಯ ಅಂಕಿಗಳಿವು. ಇಂದಿಗೂ ಜಗತ್ತಿನೆಲ್ಲೆಡೆ ಇವನ್ನೇ ಆಧಾರವಾಗಿ ಬಳಸುತ್ತಾರೆ.

ಮನೆಯಲ್ಲಿ ಉಳ್ಳಾಗಡ್ಡಿ ತಪ್ಪಲು ಬೆಳೆಸಹೊರಟ ಬಳ್ಳಾರಿಯವರು ಮೊದಲು ತಿಳಿಯಬೇಕಾದದ್ದು ಈ 1.2ರ ಗುಟ್ಟು. ರೊಟ್ಟಿ ಜೊತೆ ಹಸಿಯಾಗಿ ಕಚ್ಚಲು, ಜುಣಕಕ್ಕೆ ಹೆಚ್ಚಿಹಾಕಲು, ಬೆಳಗಿನ ಒಗ್ಗಾಣಿಯ ಮೇಲೆ ಉದುರಿಸಲು ಒಂದು ಹಿಡಿ ತಪ್ಪಲು ಮನೆಯಲ್ಲೇ ಸಿಗಲಿ ಎಂದು ಗಡ್ಡೆ ಊರುತ್ತಾರೆ. ಎರಡು ವಾರ ಚೆನ್ನಾಗಿ ಏಳುತ್ತದೆ. ಆಮೇಲೆ ತುದಿ ಹಳದಿಯಾಗಿ, ಕಂದಾಗಿ, ಸುರುಟಿಕೊಳ್ಳುತ್ತದೆ. ಬಿಸಿಲು ಹೆಚ್ಚಾಯಿತು ಎಂದು ಕೆಲವರು ಕುಂಡವನ್ನು ನೆರಳಿಗೆ ಎಳೆಯುತ್ತಾರೆ. ಗೊಬ್ಬರ ಸಾಲದು ಎಂದು ಇನ್ನು ಕೆಲವರು ಒಂದು ಚಿಟಿಕೆ ಯೂರಿಯಾ ಹಾಕುತ್ತಾರೆ. ಬಿಸಿಲಿನದೂ ಪಾಲಿದೆ ನಿಜ. ಆದರೆ ನಮ್ಮ ಸೀಮೆಯಲ್ಲಿ ಮೊದಲು ಅನುಮಾನಿಸಬೇಕಾದದ್ದು ಕೊಡದಲ್ಲಿರುವ ನೀರನ್ನು. ಯೂರಿಯಾ ಹಾಕಿದರಂತೂ ಮಣ್ಣಿನ ನೀರಿನಲ್ಲಿ ಕರಗಿದ ಲವಣ ಇನ್ನಷ್ಟು ಹೆಚ್ಚಿ ರೋಗ ಉಲ್ಬಣಿಸುತ್ತದೆ.

ಉಪ್ಪಿನ ಮುಂದೆ ಉಳ್ಳಾಗಡ್ಡಿ ಇಷ್ಟು ಮೆತ್ತಗೇಕೆ? ಗಡ್ಡೆಯನ್ನು ಉದ್ದಕ್ಕೆ ಸೀಳಿ ನೋಡಿ. ಬುಡದಲ್ಲಿ ಬೆರಳುಗುರಿನಷ್ಟು ಅಗಲದ ಒಂದು ಗಟ್ಟಿ ಬಿಲ್ಲೆ ಇದೆ. ಈ ಗಿಡದ ಕಾಂಡವೆಂದರೆ ಅದಿಷ್ಟೇ. ನಾವು ತಿನ್ನುವ ಪದರಗಳೆಲ್ಲ ಊದಿಕೊಂಡ ಎಲೆಬುಡಗಳು. ಬಿಲ್ಲೆಯ ಕೆಳಗಿನಿಂದ ದಾರದಂಥ ಬೇರುಗಳು ಇಳಿಯುತ್ತವೆ. ಅವು ಹೆಚ್ಚು ಕವಲೊಡೆಯುವುದಿಲ್ಲ, ಬೇರುಗೂದಲು ಬಹಳ ಕಡಿಮೆ, ಬಹುಪಾಲು ಮೇಲಿನ ಒಂದಡಿ ಮಣ್ಣಿನಲ್ಲೇ ಉಳಿಯುತ್ತವೆ. ಹತ್ತಿಯ ತಾಯಿಬೇರು ಆಳಕ್ಕಿಳಿದು ನೀರು ಹುಡುಕುತ್ತದೆ, ಇದಕ್ಕೆ ಆ ದಾರಿಯಿಲ್ಲ.

ಸೌತೆಕಾಯಿ ಹೋಳಿಗೆ ಉಪ್ಪು ಹಚ್ಚಿಟ್ಟರೆ ಸ್ವಲ್ಪ ಹೊತ್ತಿಗೆ ನೀರು ಬಿಡುತ್ತದಲ್ಲ, ಸವಳು ಮಣ್ಣಿನಲ್ಲಿ ಬೇರಿಗೆ ಆಗುವುದೂ ಅದೇ. ನೀರು ಯಾವಾಗಲೂ ಲವಣ ಕಡಿಮೆ ಇರುವ ಕಡೆಯಿಂದ ಹೆಚ್ಚಿರುವ ಕಡೆಗೆ ಸರಿಯುತ್ತದೆ. ಬೇರಿನ ಒಳಗಿನದಕ್ಕಿಂತ ಹೊರಗೆ ಉಪ್ಪು ಏರಿದಷ್ಟೂ ಬೇರು ನೀರನ್ನು ಒಳಗೆಳೆದುಕೊಳ್ಳಲು ಹೆಚ್ಚು ಶಕ್ತಿ ಖರ್ಚು ಮಾಡಬೇಕು. ಮಣ್ಣು ಕೈಗೆ ಒದ್ದೆಯಾಗಿಯೇ ಸಿಗುತ್ತದೆ, ಗಿಡ ಮಾತ್ರ ಬಾಯಾರಿರುತ್ತದೆ. ಒಳಹೊಕ್ಕ ಸೋಡಿಯಂ, ಕ್ಲೋರೈಡ್‌ಗಳು ನೀರಿನ ಜೊತೆ ಮೇಲೇರಿ, ನೀರು ಆವಿಯಾಗುವ ಎಲೆತುದಿಯಲ್ಲಿ ಉಳಿದುಬಿಡುತ್ತವೆ. ಸುಡುವುದು ತುದಿಯಿಂದಲೇ ಆರಂಭವಾಗಲು ಇದು ಕಾರಣ.

ಕುಂಡದಲ್ಲಿ ಈ ಕಾಟ ಹೊಲಕ್ಕಿಂತ ಬೇಗ ಬರುತ್ತದೆ. ಏಪ್ರಿಲ್‌ನ ಬಿಸಿಲಿಗೆ ಬಳ್ಳಾರಿ 40 ಡಿಗ್ರಿ ದಾಟಿದಾಗ ಕುಂಡಕ್ಕೆ ದಿನಕ್ಕೆರಡು ಸಲ ನೀರು ಬೇಕು. ನೀರು ಆರಿಹೋಗುತ್ತದೆ, ಅದು ತಂದ ಉಪ್ಪು ಮಣ್ಣಲ್ಲೇ ಕೂತಿರುತ್ತದೆ. ಮಣ್ಣಿನ ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಂಡಿದ್ದೀರಾ? ಅದೇ ಇದು. ತುಂಗಭದ್ರಾ ಅಚ್ಚುಕಟ್ಟಿನ ಎಷ್ಟೋ ಎರೆ ಹೊಲಗಳು ಸವಳು-ಜವಳಿಗೆ ತುತ್ತಾದದ್ದೂ ಇದೇ ಕ್ರಿಯೆಯಿಂದ. ನೀರು ಇಂಗಿ ಹೊರಹೋಗಲು ದಾರಿಯಿಲ್ಲದೆ, ಮೇಲಿನಿಂದ ಆವಿಯಾಗುತ್ತ, ಉಪ್ಪನ್ನು ಬಿಟ್ಟು ಹೋಯಿತು. ಸಿರುಗುಪ್ಪದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಯಾವ ನೀರು? ಕಾಲುವೆಯಿಂದ ಅಲ್ಲೀಪುರ ಕೆರೆಗೆ ಬಂದು ನಗರದ ನಲ್ಲಿಗೆ ಬರುವ ತುಂಗಭದ್ರೆಯ ನೀರು ಸಾಮಾನ್ಯವಾಗಿ ಒಳ್ಳೆಯದು. ಬೋರ್‌ವೆಲ್ ನೀರು ಓಣಿಯಿಂದ ಓಣಿಗೆ ಬೇರೆ, ಅಳೆಯದೆ ನಂಬಬಾರದು. ನನ್ನ ದೊಡ್ಡ ತಕರಾರು ಇರುವುದು ಕುಡಿಯುವ ನೀರು ಶುದ್ಧ ಮಾಡುವ ಆರ್‌ಓ ಯಂತ್ರದಿಂದ ಹೊರಬೀಳುವ ನೀರಿನ ಬಗ್ಗೆ. ಸುಮ್ಮನೆ ಚರಂಡಿಗೆ ಹೋಗುವುದು ಬೇಡವೆಂದು ಅದನ್ನು ಬಕೆಟ್‌ನಲ್ಲಿ ಹಿಡಿದು ಗಿಡಕ್ಕೆ ಹಾಕುವವರು ಬಹಳ. ನೀರುಳಿಸುವ ಆ ಮನಸ್ಸು ದೊಡ್ಡದು, ಆದರೆ ಲೆಕ್ಕ ಹೀಗಿದೆ: ನಾಲ್ಕು ಲೀಟರ್ ಒಳಹೋಗಿ ಒಂದು ಲೀಟರ್ ಕುಡಿಯುವ ನೀರಾದರೆ, ನಾಲ್ಕು ಲೀಟರಿನ ಉಪ್ಪು ಬಹುತೇಕ ಎಲ್ಲ ಉಳಿದ ಮೂರು ಲೀಟರಿನಲ್ಲಿ ತುಂಬಿಕೊಳ್ಳುತ್ತದೆ. ಒಳಗೆ 800 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಇದ್ದದ್ದು ಹೊರಗೆ ಸುಮಾರು 1,060 ಆಗುತ್ತದೆ. ಊರ ಶುದ್ಧ ನೀರಿನ ಘಟಕಗಳ ಹಿಂದೆ ಹರಿಯುವ ನೀರಿಗೂ ಇದೇ ಮಾತು. ಅದನ್ನು ನೆಲ ಒರೆಸಲು, ಬಚ್ಚಲು ತೊಳೆಯಲು ಬಳಸಿ. ಉಳ್ಳಾಗಡ್ಡಿಗೆ ಮಾತ್ರ ಬೇಡ.

ಅಳೆಯುವುದು ಕಷ್ಟವಲ್ಲ. ಕರಗಿದ ಲವಣವನ್ನು ಪಿಪಿಎಂನಲ್ಲಿ ತೋರಿಸುವ, ಆರ್‌ಓ ರಿಪೇರಿಗೆ ಬರುವವರ ಜೇಬಿನಲ್ಲಿರುವ ಟಿಡಿಎಸ್ ಮೀಟರ್ ಸಾಕು. 640 ಪಿಪಿಎಂ ಎಂದರೆ ಹೆಚ್ಚುಕಡಿಮೆ 1 ಡೆಸಿಸೀಮನ್ಸ್. ಮಣ್ಣಿನಲ್ಲಿ ಉಪ್ಪು ಸಾಂದ್ರವಾಗುವುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಉಳ್ಳಾಗಡ್ಡಿಗೆ ಹಾಕುವ ನೀರು 0.8 ಡೆಸಿಸೀಮನ್ಸ್ ಮೀರಬಾರದು. ಮೀಟರಿನಲ್ಲಿ ಅದು ಸುಮಾರು 500. ಅಲ್ಲಿಂದ 750ರವರೆಗೆ ಸಣ್ಣ ನಷ್ಟ. 1,800ರ ಆಸುಪಾಸಿನಲ್ಲಿ ಬೆಳೆ ಅರ್ಧಕ್ಕಿಳಿಯುತ್ತದೆ. ಬೋರ್‌ವೆಲ್ ನೀರಿನಲ್ಲಿ ಉಪ್ಪು ಹೆಚ್ಚಿದ್ದರೆ ಬೇಸಿಗೆಯಲ್ಲಿ ಎಸಿಯಿಂದ ತೊಟ್ಟಿಕ್ಕುವ ನೀರನ್ನು ಬೆರೆಸಬಹುದು. ಅದು ಗಾಳಿಯ ತೇವ ತಣಿದು ಆದ ನೀರು, ಲವಣ ಇಲ್ಲವೇ ಇಲ್ಲವೆನ್ನಬಹುದು. ಎಸಿಯ ಒಳಗಿನ ಧೂಳು ಅದರಲ್ಲಿ ಸೇರಿರುತ್ತದಾದ್ದರಿಂದ ತಪ್ಪಲಿನ ಮೇಲೆ ಸುರಿಯದೆ ಬುಡದ ಮಣ್ಣಿಗೆ ಹಾಕಿ. ಮಳೆನೀರು ಸಿಕ್ಕರೆ ಅದಕ್ಕಿಂತ ಮಿಗಿಲಿಲ್ಲ.

ಇನ್ನೊಂದು ಉಪಾಯ ನೀರು ಹಾಕುವ ರೀತಿಯಲ್ಲೇ ಇದೆ. ದಿನಾ ಚಿಮುಕಿಸಿದರೆ ಉಪ್ಪು ಮೇಲಿನ ಪದರದಲ್ಲೇ, ಅಂದರೆ ಬೇರಿರುವ ಕಡೆಯಲ್ಲೇ ಕೂರುತ್ತದೆ. ಹದಿನೈದು ದಿನಕ್ಕೊಮ್ಮೆ ಒಳ್ಳೆಯ ನೀರನ್ನು ನಿಧಾನವಾಗಿ, ಕುಂಡದ ತಳದ ತೂತಿನಿಂದ ಧಾರಾಳ ಹರಿಯುವಷ್ಟು ಹಾಕಿ. ಕೆಳಗಿನ ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಿ, ಉಪ್ಪು ಹೊರಹೋಗುವುದು ಅದರ ಜೊತೆಗೇ.

ತೂತಿನಿಂದ ನೀರು ಹರಿಯಬೇಕಾದರೆ ಮಣ್ಣು ಸಡಿಲವಿರಬೇಕು. ಬರೀ ಎರೆ ಮಣ್ಣು ತುಂಬಿದರೆ ಕೆಲಸ ಕೆಡುತ್ತದೆ. ಅದರ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಬಿರುಕುಬಿಟ್ಟು ಎಳೆಬೇರುಗಳನ್ನು ಹರಿಯುತ್ತದೆ. ಕುರುಗೋಡಿನ ಬೆಟ್ಟಗಳಂಥ ಗ್ರಾನೈಟ್ ಕಲ್ಲು ಸವೆದು ಆಗುವ ಮಸಾರಿ ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಪಾಲು, ಭತ್ತದ ಹೊಟ್ಟು ಒಂದು ಪಾಲು ಬೆರೆಸಿದರೆ ಸಾಕು. ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ರಾಶಿಬೀಳುವ ಹೊಟ್ಟಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ಮನೆಮಟ್ಟಿಗೆ ನನಗೆ ಗೊತ್ತಿಲ್ಲ. ಅದರಲ್ಲಿ ಸಿಲಿಕಾ ಹೆಚ್ಚು, ಬೇಗ ಕೊಳೆಯುವುದಿಲ್ಲ, ಮಣ್ಣಿನ ಕಣಗಳ ನಡುವೆ ಗಾಳಿಗೆ ಜಾಗ ಬಿಡಿಸುತ್ತದೆ. ಒಂದು ಅಂಗುಲದಷ್ಟು ಮೇಲೆ ಹೊದಿಸಿದರೆ ನೀರು ಆರುವುದು ತಗ್ಗಿ, ಉಪ್ಪು ಮೇಲೇರುವುದೂ ತಗ್ಗುತ್ತದೆ. ಒಂದು ಚಮಚ ಜಿಪ್ಸಮ್ ಸೇರಿಸಿದರೆ ಎರಡು ಲಾಭ: ಅದರ ಕ್ಯಾಲ್ಸಿಯಂ ಜೇಡಿಗೆ ಅಂಟಿದ ಸೋಡಿಯಂ ಅನ್ನು ಬಿಡಿಸಿ ನೀರಿಗೆ ತಳ್ಳುತ್ತದೆ, ಗಂಧಕ ಗಿಡಕ್ಕೆ ಸಿಗುತ್ತದೆ. ಉಳ್ಳಾಗಡ್ಡಿಯ ಘಾಟು, ಹೆಚ್ಚುವಾಗ ಬರುವ ಕಣ್ಣೀರು ಎರಡೂ ಗಂಧಕದ ಸಂಯುಕ್ತಗಳಿಂದಲೇ. ಗಂಧಕ ಕಡಿಮೆಯಾದ ಮಣ್ಣಿನಲ್ಲಿ ಬೆಳೆದ ತಪ್ಪಲು ಸಪ್ಪೆ.

ನೆಡಲು ಸಣ್ಣ ಗಡ್ಡೆ ಆರಿಸಿ, ಬುಟ್ಟಿಯಲ್ಲೇ ಮೊಳಕೆ ಬಂದದ್ದಾದರೆ ಇನ್ನೂ ಒಳ್ಳೆಯದು. ಒಂದೊಂದು ಗಡ್ಡೆಯಲ್ಲಿ ಹಲವು ಚಿಗುರು ಮೊಗ್ಗುಗಳಿರುವುದರಿಂದ ಒಂದರಿಂದಲೇ ಮೂರು-ನಾಲ್ಕು ಸುಳಿ ಏಳಬಹುದು. ದೊಡ್ಡ ಗಡ್ಡೆಗಳು ಚಳಿಗಾಲದಲ್ಲಿ ತಪ್ಪಲು ಬಿಟ್ಟು ಹೂದಂಟು ಎತ್ತುವುದೇ ಹೆಚ್ಚು. ಮೂತಿ ಹೊರಗಿರುವಂತೆ, ಒತ್ತೊತ್ತಾಗಿ ಊರಿ. ಮೂರ್ನಾಲ್ಕು ವಾರಕ್ಕೆ ಕೊಯ್ಲು. ಎಲೆ ಬೆಳೆಯುವುದು ಬುಡದಿಂದ, ತುದಿಯಿಂದಲ್ಲ. ಹಾಗಾಗಿ ಮಣ್ಣಿನಿಂದ ಎರಡು ಬೆರಳು ಮೇಲೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಲೋಟದ ನೀರಲ್ಲಿ ಇಟ್ಟರೂ ಚಿಗುರುತ್ತದೆ, ಆದರೆ ಅದು ಗಡ್ಡೆಯಲ್ಲಿ ಕೂಡಿಟ್ಟ ಸಕ್ಕರೆಯ ಖರ್ಚು. ಸಾರಜನಕ, ಪೊಟ್ಯಾಷ್ ಹೊಸದಾಗಿ ಬಾರದೆ ಒಂದೆರಡು ಕೊಯ್ಲಿಗೆ ಸೊರಗುತ್ತದೆ. ಕುಂಡದಲ್ಲೂ ಎರಡು-ಮೂರು ಕೊಯ್ಲಿಗಿಂತ ಹೆಚ್ಚಿನ ಆಸೆ ಇಡಬೇಡಿ.

ಅದಕ್ಕೆ ಇನ್ನೊಂದು ಕಾರಣವೂ ಇದೆ. ಹಗಲು ಎಷ್ಟು ಉದ್ದ ಎಂಬುದನ್ನು ಉಳ್ಳಾಗಡ್ಡಿಯ ಎಲೆ ಗುರುತಿಸುತ್ತದೆ, ಹಗಲು ಒಂದು ಮಿತಿ ದಾಟಿದೊಡನೆ ಎಲೆ ಹುಟ್ಟಿಸುವುದು ನಿಲ್ಲಿಸಿ ಗಡ್ಡೆ ಕಟ್ಟಲು ಹೊರಡುತ್ತದೆ. ಈ ಸಂದೇಶ ಒಯ್ಯುವ ಜೀನುಗಳನ್ನು ನ್ಯೂಜಿಲೆಂಡ್‌ನ ವಿಜ್ಞಾನಿಗಳು 2013ರಲ್ಲಿ ಗುರುತಿಸಿದರು: ಒಂದು ಗಡ್ಡೆ ಕಟ್ಟಲು ಪ್ರಚೋದಿಸುತ್ತದೆ, ಇನ್ನೊಂದು ತಡೆಹಿಡಿಯುತ್ತದೆ. ಯುರೋಪಿನ ತಳಿಗಳಿಗೆ 14 ಗಂಟೆಗೂ ಮಿಕ್ಕ ಹಗಲು ಬೇಕು, ನಮ್ಮ ತಳಿಗಳಿಗೆ 11-12 ಗಂಟೆ ಸಾಕು. ಬಳ್ಳಾರಿ ಇರುವುದು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಅತಿ ಚಿಕ್ಕ ಹಗಲೇ 11 ಗಂಟೆ ದಾಟುತ್ತದೆ, ಅತಿ ದೊಡ್ಡದು ಸುಮಾರು 13. ಆದ್ದರಿಂದ ಯಾವ ತಿಂಗಳಲ್ಲಿ ನೆಟ್ಟರೂ ಗಿಡ ಗಡ್ಡೆಯ ಕಡೆಗೇ ವಾಲುತ್ತದೆ, ಬಿಸಿ ಅದನ್ನು ಇನ್ನೂ ಅವಸರಿಸುತ್ತದೆ. ತಪ್ಪಲು ತಪ್ಪದೆ ಬೇಕೆನ್ನುವವರು ಮೂರು ವಾರಕ್ಕೊಂದು ಕುಂಡ ಹೊಸದಾಗಿ ನೆಡುತ್ತಿರಬೇಕು. ಇಲ್ಲವೇ ದೆಹಲಿಯ ಪೂಸಾ ಸಂಸ್ಥೆಯ ಪೂಸಾ ಸೌಮ್ಯದಂಥ ಗಡ್ಡೆ ಕಟ್ಟದ ತಳಿಯ ಬೀಜ ತರಿಸಬೇಕು. ಬೀಜ ಹೊಸದಿರಲಿ. ಉಳ್ಳಾಗಡ್ಡಿ ಬೀಜ ನಮ್ಮ ಸೆಕೆಯಲ್ಲಿ ವರ್ಷದೊಳಗೇ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ.

ಎಲೆಯ ಮೇಲೆ ಬೆಳ್ಳಿಬಣ್ಣದ ಗೀರು ಕಂಡರೆ ಅದು ಉಪ್ಪಲ್ಲ, ಥ್ರಿಪ್ಸ್ ನುಸಿ. ಒಣ ಬಿಸಿಯಲ್ಲಿ ಹೆಚ್ಚುವ ಈ ನುಸಿಗಳು ಎಲೆಗಳ ಕಂಕುಳಲ್ಲಿ ಅಡಗುತ್ತವೆ. ಬೆಳಗ್ಗೆ ಅಲ್ಲಿಗೇ ಜೋರಾಗಿ ನೀರು ಚಿಮುಕಿಸಿದರೆ ಬಹಳಷ್ಟು ಕೊಚ್ಚಿಹೋಗುತ್ತವೆ. ಹಸಿಯಾಗಿ ತಿನ್ನುವ ಸೊಪ್ಪಿಗೆ ಕೀಟನಾಶಕ ಹೊಡೆಯುವುದನ್ನು ನಾನು ಯಾರಿಗೂ ಹೇಳಲಾರೆ.

ನೆಡಲು ಒಳ್ಳೆಯ ಕಾಲ ಅಕ್ಟೋಬರ್‌ನಿಂದ ಫೆಬ್ರುವರಿ. ಹಿಂಗಾರಿನ ಹೊತ್ತಿಗೆ ಮಳೆ ಕುಂಡದ ಹಳೆಯ ಉಪ್ಪನ್ನು ತೊಳೆದಿರುತ್ತದೆ, ಬಿಸಿಲೂ ಇಳಿದಿರುತ್ತದೆ. ಅದಕ್ಕೂ ಮುಂಚೆ ನಿಮ್ಮ ನಲ್ಲಿ, ಬೋರ್‌ವೆಲ್, ಆರ್‌ಓ ಮೂರರ ನೀರನ್ನೂ ಒಮ್ಮೆ ಮೀಟರ್ ಅದ್ದಿ ನೋಡಿ, ಅಂಕಿ ಬರೆದಿಟ್ಟುಕೊಳ್ಳಿ. ಅನುಮಾನ ಉಳಿದರೆ ಹಗರಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು, ನೀರಿನ ಪರೀಕ್ಷೆಯ ಬಗ್ಗೆ ವಿಚಾರಿಸಿ. 500ಕ್ಕಿಂತ ಕಡಿಮೆ ಬಂದ ನೀರನ್ನು ಉಳ್ಳಾಗಡ್ಡಿಗೆ ಮೀಸಲಿಡಿ.