ಐಪಿ ಅಡ್ರೆಸ್ ನಿಮ್ಮ ಬಗ್ಗೆ ಎಷ್ಟು ಹೇಳುತ್ತೆ?

ಇವತ್ತಿನ ಪ್ರಶ್ನೆ ಇದು: ನಿಮ್ಮ ಐಪಿ ಅಡ್ರೆಸ್ ಸಿಕ್ಕಿದ್ರೆ ಯಾರಾದ್ರೂ ನಿಮ್ಮ ಮನೆ ಬಾಗಿಲಿಗೆ ಬರಬಹುದಾ?

ವಿಜಯನಗರದಲ್ಲಿ ಒಂದು ಮನೆ ಅಂತಿಟ್ಕೊಳ್ಳಿ. ಎರಡು ಫೋನ್, ಒಂದು ಲ್ಯಾಪ್‌ಟಾಪ್, ಒಂದು ಟಿವಿ, ಎಲ್ಲದಕ್ಕೂ ಒಂದೇ ವೈಫೈ. ಮನೆಯೊಳಗೆ ಒಂದೊಂದಕ್ಕೂ ಬೇರೆ ನಂಬರ್ ಇರುತ್ತೆ, ಸಾಮಾನ್ಯವಾಗಿ 192.168ರಿಂದ ಶುರುವಾಗುತ್ತೆ. ಅದು ಹೊರಗೆ ಕಾಣಲ್ಲ. ವೆಬ್‌ಸೈಟ್‌ಗೆ ಕಾಣೋದು ಇಂಟರ್ನೆಟ್ ಕಂಪನಿ ಕೊಟ್ಟಿರೋ ಪಬ್ಲಿಕ್ ಐಪಿ.

ಅದರಿಂದ ಗೊತ್ತಾಗೋದು ನಿಮ್ಮ ಇಂಟರ್ನೆಟ್ ಕಂಪನಿ ಯಾವುದು, ಸುಮಾರಾಗಿ ಯಾವ ಊರು ಅನ್ನೋದು. ಊರೂ ತಪ್ಪಬಹುದು, ನೀವು ಕೆಂಗೇರಿಯಲ್ಲಿ ಕೂತಿದ್ರೂ ಚೆನ್ನೈ ಅಂತ ತೋರಿಸಬಹುದು. ನಿಮ್ಮ ಹೆಸರು, ಮನೆ ವಿಳಾಸ ಅದರಲ್ಲಿ ಇರಲ್ಲ.

ಹಾಗಾದ್ರೆ ಪೊಲೀಸರಿಗೆ ಹೆಸರು ಹೇಗೆ ಸಿಗುತ್ತೆ? ಲಾಡ್ಜ್ ರೂಮ್ ನೆನಪಿಸಿಕೊಳ್ಳಿ. ರೂಮ್ ನಂಬರ್ 204 ಅಂದ್ರೆ ಯಾರೂ ಅಲ್ಲ. ಯಾವ ದಿನ, ಎಷ್ಟು ಗಂಟೆಗೆ ಅಂತ ಹೇಳಿ ರಿಜಿಸ್ಟರ್ ತೆಗೆಸಿದ್ರೆ ಮಾತ್ರ ಹೆಸರು ಸಿಗುತ್ತೆ. ಐಪಿ ಕೂಡ ಹಾಗೇ, ಇವತ್ತು ನಿಮ್ಮದು, ನಾಳೆ ಇನ್ನೊಬ್ಬರದು. ರಿಜಿಸ್ಟರ್ ಇರೋದು ಇಂಟರ್ನೆಟ್ ಕಂಪನಿ ಹತ್ರ.

ಆ ರಿಜಿಸ್ಟರ್ ತಪ್ಪು ಹೆಸರು ಹೇಳಿದ್ರೆ? ನಮ್ಮ ಬೆಂಗಳೂರಲ್ಲೇ ಆಗಿದೆ. 2007ರ ಆಗಸ್ಟ್‌ನಲ್ಲಿ ಪುಣೆ ಪೊಲೀಸರು ಇಲ್ಲಿನ ಒಬ್ಬ ಐಟಿ ಉದ್ಯೋಗಿಯನ್ನು ಬಂಧಿಸಿದರು. ಆರ್ಕುಟ್‌ನಲ್ಲಿ ಶಿವಾಜಿ ಮಹಾರಾಜರನ್ನು ಅವಹೇಳನ ಮಾಡಿದ ಆರೋಪ. ಇದ್ದ ಆಧಾರ ಐಪಿ ವಿವರ. ಕಂಪನಿ ಕೊಟ್ಟಿದ್ದ ಆ ವಿವರವೇ ತಪ್ಪು ಅಂತ ಗೊತ್ತಾಗಿ ಅವರು ಹೊರಗೆ ಬರೋ ಹೊತ್ತಿಗೆ 50 ದಿನ ಜೈಲಿನಲ್ಲಿ ಕಳೆದಿತ್ತು.

ಇವತ್ತು ಲೆಕ್ಕ ಇನ್ನೂ ಜಟಿಲ. ಹಳೆಯ ಐಪಿವಿ4 ಪದ್ಧತಿಯಲ್ಲಿ ಇರೋದೇ ಸುಮಾರು 430 ಕೋಟಿ ನಂಬರ್. ಸಾಲದೆ, ಕಂಪನಿಗಳು ಒಂದೇ ಪಬ್ಲಿಕ್ ಐಪಿಯನ್ನು ಒಂದೇ ಹೊತ್ತಿಗೆ ಹಲವು ಗ್ರಾಹಕರಿಗೆ ಹಂಚುತ್ತವೆ. ಆಗ ಐಪಿ ಜೊತೆ ಸರಿಯಾದ ಸಮಯ, ಪೋರ್ಟ್ ನಂಬರ್ ಎರಡೂ ಬೇಕು.

ವಿಪಿಎನ್ ಹಾಕಿದ್ರೆ? ವೆಬ್‌ಸೈಟ್‌ಗೆ ನಿಮ್ಮ ಐಪಿ ಕಾಣಲ್ಲ, ಆದ್ರೆ ವಿಪಿಎನ್ ಕಂಪನಿಗೆ ಕಾಣುತ್ತೆ. 2022ರ ಏಪ್ರಿಲ್‌ನಲ್ಲಿ ಕೇಂದ್ರದ ಸಿಇಆರ್‌ಟಿ-ಇನ್ ಸಂಸ್ಥೆ, ಗ್ರಾಹಕರ ಹೆಸರು, ಐಪಿ ವಿವರಗಳನ್ನು ವಿಪಿಎನ್ ಕಂಪನಿಗಳು 5 ವರ್ಷ ಇಟ್ಟುಕೊಳ್ಳಬೇಕು ಅಂತ ಆದೇಶಿಸಿದೆ.

ಕೊನೆಗೆ ಒಂದು ಮುಖ್ಯ ವಿಷಯ. ರಿಜಿಸ್ಟರ್ ಸರಿಯಾಗೇ ಇದ್ರೂ ಅದು ಹೇಳೋದು ಕನೆಕ್ಷನ್ ಯಾರ ಹೆಸರಲ್ಲಿದೆ ಅಂತ ಮಾತ್ರ. ಟೈಪ್ ಮಾಡಿದ ಕೈ ಯಾರದು ಅಂತಲ್ಲ. ಬಸವೇಶ್ವರನಗರದ ನಿಮ್ಮ ಮನೆಯ ವೈಫೈ ಪಾಸ್‌ವರ್ಡ್ ಮೇಲಿನ ಮನೆಯ ಬಾಡಿಗೆದಾರರಿಗೂ ಗೊತ್ತಿದ್ರೆ, ಅವರು ಮಾಡಿದ್ದಕ್ಕೆ ಮೊದಲ ವಿಚಾರಣೆ ನಿಮ್ಮದೇ. ಬಂದುಹೋಗೋರಿಗೆ ರೂಟರ್‌ನಲ್ಲಿ ಗೆಸ್ಟ್ ವೈಫೈ ಮಾಡಿಕೊಡಿ. ಕನೆಕ್ಷನ್ ಅದೇ ಆದ್ರೂ ಮುಖ್ಯ ಪಾಸ್‌ವರ್ಡ್ ನಿಮ್ಮ ಹತ್ರ ಉಳಿಯುತ್ತೆ. ಬಾಡಿಗೆದಾರರು ಅವರ ಹೆಸರಲ್ಲೇ ಕನೆಕ್ಷನ್ ತಗೊಳ್ಳಲಿ. ಅವರು ಖಾಲಿ ಮಾಡಿದ ದಿನ ಪಾಸ್‌ವರ್ಡ್ ಬದಲಿಸಿ.