ಅರ್ಧಕ್ಕೆ ಬಿಟ್ಟ ಕಾದಂಬರಿ: ಬಿಡುವುದಕ್ಕೂ ಒಂದು ಲೆಕ್ಕವಿದೆ

ಓದಲು ತೆಗೆದುಕೊಂಡ ಪುಸ್ತಕವನ್ನು ಅರ್ಧಕ್ಕೆ ಬಿಟ್ಟವರನ್ನು ಸೋಮಾರಿ ಎನ್ನುವ ರೂಢಿ ನಮ್ಮಲ್ಲಿದೆ. ಪಠ್ಯಪುಸ್ತಕದ ಮಟ್ಟಿಗೆ ಅದು ಸರಿ. ಕೊನೆಯ ಪಾಠದಿಂದಲೂ ಪ್ರಶ್ನೆ ಬರುತ್ತದೆ. ಆದರೆ ನಾವೇ ಇಷ್ಟಪಟ್ಟು ತಂದ ಕಾದಂಬರಿಗೂ ಅದೇ ನಿಯಮ ಬೇಕೆ? ಯಾವಾಗ ಮುಂದುವರಿಸಬೇಕು, ಯಾವಾಗ ಮುಚ್ಚಿಡಬೇಕು ಎಂಬುದನ್ನು ಒಂದು ಉದಾಹರಣೆಯೊಂದಿಗೆ ವಿವರಿಸುತ್ತೇನೆ.

ಉದಾಹರಣೆ ನನ್ನದೇ. ನಾನು ನನ್ನಿವಾಳದವನು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ದಸರಾ ರಜೆಗೆಂದು ಗ್ರಂಥಾಲಯದಿಂದ ಒಂದು ಇಂಗ್ಲಿಷ್ ಎಪಿಕ್ ಫ್ಯಾಂಟಸಿ ಕಾದಂಬರಿ ತಂದೆ. ಮೂರು ಸಂಪುಟಗಳ ಸರಣಿಯಲ್ಲಿ ಮೊದಲನೆಯದು, 740 ಪುಟ. ಒಂಬತ್ತು ದಿನ ಓದಿ 310ನೇ ಪುಟದಲ್ಲಿ ನಿಲ್ಲಿಸಿದೆ. ಅದರ ಹೆಸರು ಇಲ್ಲಿ ಹೇಳುವುದಿಲ್ಲ. ಬೇರೊಬ್ಬರಿಗೆ ಅದು ಹಿಡಿಸಬಹುದು.

ಎಪಿಕ್ ಫ್ಯಾಂಟಸಿ ಎಂದರೆ ಲೇಖಕರು ಇಡೀ ಒಂದು ಲೋಕವನ್ನೇ ಕಟ್ಟಿ, ಅದರ ಅಳಿವು ಉಳಿವಿನ ಕಥೆ ಹೇಳುವ ಕಾದಂಬರಿ. ಇದಕ್ಕೆ ಮಾದರಿ ಹಾಕಿಕೊಟ್ಟವರು ಜೆ.ಆರ್.ಆರ್. ಟೋಲ್ಕಿನ್. ಅವರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಬಂತು. 1939ರ ಒಂದು ಉಪನ್ಯಾಸದಲ್ಲಿ ಅವರು ಈ ಬಗೆಯ ಕಥೆ ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸಿದ್ದರು. ಲೇಖಕ ಕಟ್ಟಿದ ಲೋಕಕ್ಕೆ ಅದರದೇ ಕಾನೂನುಗಳಿರುತ್ತವೆ. ಆ ಕಾನೂನಿಗೆ ಕಥೆ ಬದ್ಧವಾಗಿರುವವರೆಗೆ ನಾವು ಒಳಗಿದ್ದು ನಂಬುತ್ತೇವೆ. ಅದು ಮುರಿದ ಕ್ಷಣ ಹೊರಗೆ ಬಂದುಬಿಡುತ್ತೇವೆ. ಅವರ ಮಾತಿನ ಸಾರ ಇಷ್ಟು.

ನಾನು ತಂದ ಕಾದಂಬರಿಯಲ್ಲಿ ಆದದ್ದು ಇದೇ. ನಾಯಕನ ಬಳಿ ಒಂದು ಮಾಯದ ಕಲ್ಲಿದೆ. ಅದನ್ನು ಒಂದು ಸಲ ಬಳಸಿದರೆ ಅವನ ಆಯುಸ್ಸಿನಲ್ಲಿ ಒಂದು ವರ್ಷ ಕಡಿಮೆಯಾಗುತ್ತದೆ. ಎಷ್ಟು ಒಳ್ಳೆಯ ನಿಯಮ! ಆದರೆ 120ನೇ ಪುಟದ ನಂತರ ಅವನು ಕಲ್ಲನ್ನು ಮನಸ್ಸಿಗೆ ಬಂದಂತೆ ಬಳಸುತ್ತಾನೆ. ಕಳೆದ ವರ್ಷಗಳ ಲೆಕ್ಕವನ್ನು ಯಾರೂ ಇಡುವುದಿಲ್ಲ. ಸತ್ತವರು ಎರಡು ಅಧ್ಯಾಯ ಬಿಟ್ಟು ಎದ್ದು ಬರುತ್ತಾರೆ. ಹಾಗಾಗಿ ಯುದ್ಧ ಬಂದರೂ ಭಯವಾಗುವುದಿಲ್ಲ. ಮುನ್ನೂರು ಕುದುರೆಗಳ ದಂಡು ನಲವತ್ತು ದಿನ ಮರುಭೂಮಿಯಲ್ಲಿ ನಡೆಯುತ್ತದೆ. ಮೇವಿನ ಮಾತಿಲ್ಲ, ನೀರಿನ ಮಾತಿಲ್ಲ. ನನ್ನಿವಾಳ ಮ್ಯಾಸನಾಯಕರ ಕಟ್ಟೆಮನೆ ಇರುವ ಊರು. ಬೇಸಿಗೆ ಬಂದರೆ ದೇವರ ಎತ್ತುಗಳಿಗೆ ಮೇವು ಎಲ್ಲಿಂದ ತರುವುದು ಎಂಬ ಚಿಂತೆಯನ್ನು ಕೇಳುತ್ತಲೇ ಬೆಳೆದವರು ನಾವು. ಆ ಮುನ್ನೂರು ಕುದುರೆಗಳನ್ನು ನನ್ನಿಂದ ನಂಬಲಾಗಲಿಲ್ಲ.

ಆದರೂ ಬಿಡಲು ಹಿಂಜರಿಕೆ ಇತ್ತು. ಕನ್ನಡ ಮಾಧ್ಯಮದ ಹುಡುಗ ಇಂಗ್ಲಿಷ್ ಪುಸ್ತಕ ಹಿಂದಿರುಗಿಸಿದರೆ, ಅವನಿಗೆ ಇಂಗ್ಲಿಷ್ ಬರಲಿಲ್ಲ ಎಂದೇ ಎಲ್ಲರೂ ತಿಳಿಯುತ್ತಾರೆ. ಆ ಪ್ರಶ್ನೆ ನನಗೂ ಇತ್ತು. ತೊಡಕು ನನ್ನ ಇಂಗ್ಲಿಷಿನದೋ, ಪುಸ್ತಕದ್ದೋ? ಇದನ್ನು ತಿಳಿಯಲು ಟೋಲ್ಕಿನ್ ಅವರ 'ದಿ ಹಾಬಿಟ್' (1937) ತಂದು ಇಪ್ಪತ್ತು ಪುಟ ಓದಿದೆ. ನಿಘಂಟು ಅಲ್ಲಿಯೂ ಬೇಕಾಯಿತು. ಆದರೆ ಬಿಲ್ಬೋ ಎಂಬ ಪುಟ್ಟ ಮನುಷ್ಯ ಮುಂದೇನು ಮಾಡುತ್ತಾನೋ ಎಂದು ನಿಘಂಟನ್ನು ಬೇಗ ಬೇಗ ತಿರುವಿದೆ. ಅವನು ಸಾಹಸಕ್ಕೆ ಹೊರಟಾಗ ಕರವಸ್ತ್ರ ಮರೆತು ಪೇಚಾಡುತ್ತಾನೆ. ಹಸಿದಾಗ ಮನೆಯ ಅಡುಗೆಯನ್ನು ನೆನೆಯುತ್ತಾನೆ. ಭಾಷೆ ಕಷ್ಟವಾದರೂ ಕಥೆ ಕೈಹಿಡಿದು ನಡೆಸುತ್ತದೆ. ಕಥೆಯೇ ಸೊರಗಿದ್ದರೆ ಸುಲಭ ಭಾಷೆಯೂ ಭಾರ. ಈ ವ್ಯತ್ಯಾಸ ತಿಳಿದದ್ದು ನನಗೆ ದೊಡ್ಡ ಸಮಾಧಾನ.

ಉದ್ದವೇ ದೋಷ ಎನ್ನೋಣವೆಂದರೆ ಅದೂ ಅಲ್ಲ. ನಮ್ಮ ತಾಲ್ಲೂಕಿನ ತಳುಕಿನ ಮನೆತನದ ತ.ರಾ.ಸು. ಅವರ 'ದುರ್ಗಾಸ್ತಮಾನ' ದಪ್ಪ ಕಾದಂಬರಿ. ಅದಕ್ಕೆ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1779ರಲ್ಲಿ ಚಿತ್ರದುರ್ಗ ಹೈದರಾಲಿಯ ವಶವಾಯಿತೆಂಬುದು ಓದುವ ಮೊದಲೇ ಎಲ್ಲರಿಗೂ ಗೊತ್ತು. ಆದರೂ ಓದಿಸಿಕೊಳ್ಳುತ್ತದೆ. ಅಲ್ಲಿ ಒಬ್ಬ ಸತ್ತರೆ ಸತ್ತ ಹಾಗೆಯೇ.

ಮಾಯೆ ಹೆಚ್ಚಾದದ್ದೂ ದೋಷವಲ್ಲ. ನಮ್ಮ ಉರ್ದು ಮೇಡಂ ಅಮೀರ್ ಹಂಝಾ ದಾಸ್ತಾನದ ಬಗ್ಗೆ ಹೇಳಿದ್ದರು. ಲಕ್ನೋದ ನವಲ್ ಕಿಶೋರ್ ಮುದ್ರಣಾಲಯ 1883ರಿಂದ ಮುಂದೆ ಅದನ್ನು 46 ಸಂಪುಟಗಳಲ್ಲಿ ಅಚ್ಚು ಹಾಕಿತು. ಅದರಲ್ಲಿ ಹಂಝಾನ ಗೆಳೆಯ ಅಮ್ರ್‌ನ ಬಳಿ ಜಂಬೀಲ್ ಎಂಬ ಚೀಲವಿದೆ. ಏನು ಹಾಕಿದರೂ ಅದು ತುಂಬುವುದಿಲ್ಲ. ಆದರೆ ಕೇಳುಗರನ್ನು ಹಿಡಿಯುವುದು ಚೀಲವಲ್ಲ, ಅಮ್ರ್‌ನ ಚಾಲಾಕಿತನ ಮತ್ತು ಜಿಪುಣತನ. ಇಂಥ ಕಥೆಗಳು ಮೊದಲು ಬಾಯಲ್ಲಿ ಬೆಳೆದವು. ನಮ್ಮ ಕಡೆಯ ಕಾಡುಗೊಲ್ಲರು ಗಣೆ ಊದುತ್ತಾ ಹಾಡುವ ಜುಂಜಪ್ಪನ ಕಾವ್ಯವೂ ಹಾಗೆಯೇ. ಹಿಡಿಸದಿದ್ದರೆ ಕೇಳುವವರು ಎದ್ದು ಹೋಗಬಹುದು. ಹಾಡುವವರು, ಹೇಳುವವರು ಅವರನ್ನು ಕೂರಿಸಿಕೊಳ್ಳಬೇಕು. ಓದುಗನಿಗೂ ಆ ಹಕ್ಕು ಇದೆ.

ಇನ್ನು ವಾಣಿಜ್ಯ ವಿಭಾಗದವರಿಗೆ ಪರಿಚಿತವಾದ ಮಾತು: ಮುಳುಗಿದ ವೆಚ್ಚ. ಮಳೆ ಕೈಕೊಟ್ಟು ಒಣಗಿಹೋದ ಶೇಂಗಾ ಹೊಲಕ್ಕೆ, ಬೀಜದ ದುಡ್ಡು ಹೋಯಿತಲ್ಲ ಎಂದು ಯಾವ ರೈತನೂ ಮತ್ತೆ ಗೊಬ್ಬರ ಹಾಕುವುದಿಲ್ಲ. ಹೋದದ್ದು ಹೋಯಿತು, ಇನ್ನು ಹಾಕುವುದಕ್ಕೆ ಫಲ ಬರುತ್ತದೆಯೇ ಎಂದು ನೋಡುತ್ತಾನೆ. ನನ್ನ ಒಂಬತ್ತು ದಿನ ಓದಿದರೂ ಬಾರವು, ಬಿಟ್ಟರೂ ಬಾರವು. ಕೇಳಬೇಕಾದದ್ದು ಉಳಿದ 430 ಪುಟ ಮತ್ತು ಮುಂದಿನ ಎರಡು ಸಂಪುಟಗಳ ಬಗ್ಗೆ. ಫ್ಯಾಂಟಸಿಯಲ್ಲಿ ಈ ಲೆಕ್ಕ ಇನ್ನೂ ಮುಖ್ಯ, ಏಕೆಂದರೆ ಸರಣಿಗಳು ಬೆಳೆಯುತ್ತಲೇ ಹೋಗುತ್ತವೆ. ರಾಬರ್ಟ್ ಜೋರ್ಡನ್ ಅವರ 'ದಿ ವೀಲ್ ಆಫ್ ಟೈಮ್' 1990ರಲ್ಲಿ ಶುರುವಾಗಿ 14ನೇ ಸಂಪುಟದೊಂದಿಗೆ ಮುಗಿದದ್ದು 2013ರಲ್ಲಿ. ಲೇಖಕರು 2007ರಲ್ಲೇ ತೀರಿಕೊಂಡಿದ್ದರು. ಕೊನೆಯ ಸಂಪುಟಗಳನ್ನು ಬ್ರಾಂಡನ್ ಸ್ಯಾಂಡರ್ಸನ್ ಪೂರ್ಣಗೊಳಿಸಿದರು.

ಹಾಗಾದರೆ ಬೇಸರವಾದ ಕೂಡಲೇ ಬಿಡಬೇಕೆ? ಬೇಡ. ನಾನು ಅನುಸರಿಸಿದ ಕ್ರಮ ಇದು.

1. ಐವತ್ತು ಪುಟ ಓದಿ. ಇದು ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಹೇಳಿದ ಅಳತೆ. ಐವತ್ತು ದಾಟಿದವರು ನೂರರಿಂದ ತಮ್ಮ ವಯಸ್ಸು ಕಳೆದು ಉಳಿದಷ್ಟು ಪುಟ ಓದಿದರೆ ಸಾಕಂತೆ. ನಮ್ಮ ಹಿರಿಯ ಉಪನ್ಯಾಸಕರು ಗಮನಿಸಬೇಕು!

2. ಅದೇ ಭಾಷೆಯ ಬೇರೆ ಪುಸ್ತಕದ ಇಪ್ಪತ್ತು ಪುಟ ಓದಿ ಹೋಲಿಸಿ.

3. ಎರಡು ದಿನ ಪುಸ್ತಕ ಮುಚ್ಚಿಡಿ. ಯಾವುದಾದರೂ ಪಾತ್ರ ನೆನಪಾಗಿ ಕಾಡಿದರೆ ಮುಂದುವರಿಸಿ.

4. ಬಿಡುವುದಾದರೆ ಕಾರಣವನ್ನು ಎರಡು ಸಾಲಿನಲ್ಲಿ ಬರೆದಿಡಿ. ಬರೆಯಲು ಕಾರಣ ಸಿಗದಿದ್ದರೆ ಅದು ಬರೀ ಆಯಾಸ. ಮಲಗಿ ಎದ್ದು ಮತ್ತೆ ಓದಿ.

ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರಗಳನ್ನು ಕೊಟ್ಟರು. ಓದುಗರ ಸಮಯ ಉಳಿಯಬೇಕು ಎನ್ನುವುದು ನಾಲ್ಕನೆಯದು. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎನ್ನುವುದು ಮೂರನೆಯದು. ನಾವು ಓದದೆ ಮನೆಯಲ್ಲಿ ಇಟ್ಟುಕೊಂಡ ಪುಸ್ತಕ ಎರಡನ್ನೂ ಮುರಿಯುತ್ತದೆ. ಅದಕ್ಕೇ ಅದನ್ನು ಅವಧಿಗೆ ಮೊದಲೇ ಹಿಂದಿರುಗಿಸಿದೆ. ನಿಮ್ಮಲ್ಲಿ ಯಾರಾದರೂ 740 ಪುಟವನ್ನೂ ಮುಗಿಸಿದರೆ ದಯವಿಟ್ಟು ತಿಳಿಸಿ: ಆ ಹುಡುಗನ ಆಯುಸ್ಸಿನ ಲೆಕ್ಕ ಕೊನೆಗಾದರೂ ಸರಿಹೋಯಿತೇ?