ಸೂರ್ಯನ ಕುದುರೆಗೆ ಮೇವು

ಹಸು ಸಾಕುವವರಿಗೆ ಹುಲ್ಲಿನ ಚಿಂತೆ, ಕೋಳಿ ಸಾಕುವವರಿಗೆ ತೌಡಿನ ಚಿಂತೆ. ಹುಳ ಸಾಕುವವರಿಗೆ? ಅವರಿಗೆ ಇನ್ನೊಂದು ಹುಳದ ಚಿಂತೆ!

ಹುಳವನ್ನು ಸಾಕುವುದೆಂದರೆ ಇದೇನು ಹುಚ್ಚು ಎಂದು ಹಿರಿಯರು ನಗಬಹುದು. ಯೂರೋಪು, ಅಮೇರಿಕಗಳಲ್ಲಿ ದೊಡ್ಡ ಜೇಡ, ಚೇಳು, ಸೂರ್ಯನ ಕುದುರೆ ಮುಂತಾದ ಅಕಶೇರುಕಗಳನ್ನು ಮನೆಯಲ್ಲಿ ಸಾಕುವವರು ಸಾವಿರಾರು ಮಂದಿ ಇದ್ದಾರೆ. ನಮ್ಮಲ್ಲಿ ಈ ಹವ್ಯಾಸಕ್ಕೆ ಹೆಸರಿಲ್ಲದಿದ್ದರೂ ಮಕ್ಕಳಿಗೆ ಅದು ಹೊಸತಲ್ಲ. ಮಳೆ ನಿಂತು ಬೇಲಿ ಹಸುರಾಗುವ ಹೊತ್ತಿಗೆ ಶಾಲೆಗೆ ಬಾಟ್ಲಿಯಲ್ಲಿ ಸೂರ್ಯನ ಕುದುರೆ ಬಂದೇ ಬರುತ್ತದೆ. ಎರಡು ದಿನ ಎಲ್ಲರೂ ನೋಡುತ್ತಾರೆ. ಮೂರನೆಯ ದಿನ ಅದು ಹಸಿವಿನಿಂದ ಬಾಡಿ ಬಿದ್ದಿರುತ್ತದೆ. ಎಲೆ ಹಾಕಿದರೆ ಅದು ಮುಟ್ಟುವುದಿಲ್ಲ, ಸತ್ತ ನೊಣವನ್ನು ಹಾಕಿದರೂ ಸಾಮಾನ್ಯವಾಗಿ ತಿರುಗಿ ನೋಡುವುದಿಲ್ಲ. ಕಣ್ಣೆದುರು ಚಲಿಸುವ ಜೀವವೇ ಅದರ ಊಟ.

ಈ ಹುಳಕ್ಕೆ ಕನ್ನಡದಲ್ಲಿ ಸೂರ್ಯನ ಕುದುರೆ ಎಂಬ ಚೆಂದದ ಹೆಸರಿದೆ. ನಮ್ಮ ನೆರೆಯ ಮಲಯಾಳಿಗಳು ತೊಳುಕೈಯನ್, ಅಂದರೆ ಕೈ ಮುಗಿದವನು, ಎನ್ನುತ್ತಾರೆ. ಹುಳಕ್ಕೆ ಮಲಯಾಳದಲ್ಲಿ 'ಪ್ರಾಣಿ' ಎಂಬ ಮಾತಿದೆ. ನಮಗೆ ಪ್ರಾಣಿಯೆಂದರೆ ದನ, ಹುಲಿ, ಆನೆ. ಎರಡು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ವಿಜ್ಞಾನದ ಪಾಠ ಹೀಗೆ ಹೆಸರಿನಿಂದಲೇ ಆರಂಭವಾಗಬೇಕಾಗುತ್ತದೆ. 'ಡಿಂಭ', 'ಕೋಶಾವಸ್ಥೆ' ಎಂಬ ಪುಸ್ತಕದ ಪದಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ, ಬಾಟ್ಲಿಯೊಳಗೆ ಅವು ನಡೆಯುವುದನ್ನು ತೋರಿಸುವುದು ಲೇಸು. ಸೂರ್ಯನ ಕುದುರೆಗೆ ಮೇವು ಬೆಳೆಸಹೊರಟರೆ ಈ ಪಾಠವೂ ತಾನಾಗಿ ಆಗುತ್ತದೆ.

ಹೊರಗಿನಿಂದ ಹಿಡಿದರಾಗದೇ?

ತೋಟದಲ್ಲಿ ಮಿಡತೆಗಳಿಗೇನು ಬರವೇ ಎಂದು ಕೇಳಬಹುದು. ಆಪತ್ತು ಅಲ್ಲೇ ಇರುವುದು. ಕೀಟನಾಶಕ ಹೊಡೆದ ತೋಟದ ಮಿಡತೆ ಸಾಯದೆ ಉಳಿದಿರಬಹುದು, ಅದರ ಮೈಯಲ್ಲಿ ವಿಷವೂ ಉಳಿದಿರಬಹುದು. ಅದನ್ನು ತಿಂದ ಸೂರ್ಯನ ಕುದುರೆ ಕೈಕಾಲು ನಡುಗಿ ಸಾಯುತ್ತದೆ. ಎಲ್ಲಿಂದಲೋ ಹಿಡಿದ ಹುಳವನ್ನು ಮೇವಿಗೆ ಹಾಕಬೇಡಿ ಎಂಬುದು ಎಲ್ಲ ದೇಶಗಳ ಹುಳ ಸಾಕುವವರು ಹೇಳುವ ಮಾತು.

ಈ ಮಾತನ್ನು ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗೇರು ಹೂವನ್ನು ಕೆಡಿಸುವ ಟೀ ಮಸ್ಕಿಟೊ ಎಂಬ ಒಂದು ಸಣ್ಣ ಕೀಟವನ್ನು ಕೊಲ್ಲಲೆಂದು ಇಲ್ಲಿ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಗುರಿ ಇದ್ದುದು ಒಂದು ಕೀಟದ ಮೇಲೆ. ಅದರ ಫಲವನ್ನು ಎಣ್ಮಕಜೆಯ ಪಡ್ರೆಯಂತಹ ಊರುಗಳ ಮನೆಗಳು ಇಂದಿಗೂ ಉಣ್ಣುತ್ತಿವೆ. ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ತಡೆದುದು 2011ರಲ್ಲಿ. ವಿಷವು ಒಂದು ಬಾಯಿಯಿಂದ ಇನ್ನೊಂದು ಬಾಯಿಗೆ ಹೇಗೆ ದಾಟುತ್ತದೆಂಬುದನ್ನು ಮಗು ಬಾಟ್ಲಿಯೆದುರು ಕುಳಿತು ಅರಿತುಕೊಂಡರೆ, ನಾಳೆ ತೋಟಕ್ಕೆ ಮದ್ದು ಬಿಡುವಾಗ ಒಮ್ಮೆ ಯೋಚಿಸೀತು ಎಂಬುದು ನಮ್ಮ ಆಸೆ.

ಹಣ್ಣುನೊಣ

ಸೂರ್ಯನ ಕುದುರೆಯ ಮರಿಗಳು ಮೊಟ್ಟೆಗೂಡಿನಿಂದ ಹೊರಬರುವಾಗ ಇರುವೆಯಷ್ಟೇ ಇರುತ್ತವೆ. ಒಂದೇ ಗೂಡಿನಿಂದ ನೂರಕ್ಕೂ ಮೇಲೆ ಬರಬಹುದು. ಒಂದೇ ಭರಣಿಯಲ್ಲಿ ಬಿಟ್ಟರೆ ಅಣ್ಣ ತಮ್ಮನನ್ನೇ ತಿನ್ನುತ್ತಾನೆ. ಎರಡೋ ಮೂರೋ ಮರಿಗಳನ್ನು ಬೇರೆ ಬೇರೆ ಬಾಟ್ಲಿಯಲ್ಲಿಟ್ಟು, ಉಳಿದವನ್ನು ಗೂಡು ಸಿಕ್ಕಿದ ಗಿಡದಲ್ಲೇ ಬಿಡುವುದು ಒಳ್ಳೆಯದು. ಇವುಗಳಿಗೆ ತಕ್ಕ ಮೇವು ಬಾಳೆಹಣ್ಣಿನ ಸುತ್ತ ಹಾರುವ ಸಣ್ಣ ನೊಣ, ವಿಜ್ಞಾನದಲ್ಲಿ ಡ್ರೊಸೊಫಿಲಾ.

ಕಳಿತ ಕದಳಿಯನ್ನೋ ಮೈಸೂರು ಬಾಳೆಹಣ್ಣನ್ನೋ ಅಗಲ ಬಾಯಿಯ ಬಾಟ್ಲಿಯಲ್ಲಿ ಹಾಕಿ, ಕಾಗದದ ಆಳಿಕೆಯನ್ನು ಬಾಯಿಗಿಟ್ಟರೆ ಒಳಹೊಕ್ಕ ನೊಣಕ್ಕೆ ಹೊರದಾರಿ ಸಿಗುವುದಿಲ್ಲ. ಇನ್ನೊಂದು ಶುಚಿಯಾದ ಬಾಟ್ಲಿಯಲ್ಲಿ ಹಿಸುಕಿದ ಹಣ್ಣು, ಚೂರು ಬೆಲ್ಲ, ಗಟ್ಟಿಯಾಗಲು ರವೆ, ಬೂಸಲು ಹಿಡಿಯದಂತೆ ನಾಲ್ಕು ಹನಿ ವಿನೆಗರ್, ಮೇಲೆ ಚಿಟಿಕೆ ಯೀಸ್ಟ್ ಹಾಕಿ. ಹುಳಗಳು ಹತ್ತಿ ಕೋಶ ಕಟ್ಟಲು ಮಡಚಿದ ಕಾಗದದ ಪಟ್ಟಿಯೊಂದಿರಲಿ. ಇಪ್ಪತ್ತು ಮೂವತ್ತು ನೊಣಗಳನ್ನು ಬಿಟ್ಟು ತೆಳು ಬಟ್ಟೆಯಿಂದ ಬಾಯಿ ಕಟ್ಟಿ. 25 ಡಿಗ್ರಿ ಶಾಖದಲ್ಲಿ ಸುಮಾರು 10 ದಿನಗಳಲ್ಲಿ ಹೊಸ ನೊಣಗಳು ಸಿದ್ಧ. ವಾರಕ್ಕೊಂದು ಹೊಸ ಬಾಟ್ಲಿ ಕಟ್ಟುತ್ತಿದ್ದರೆ ಮೇವು ಮುಗಿಯುವುದಿಲ್ಲ. ತೆಗೆಯುವ ಮೊದಲು ಬಾಟ್ಲಿಯನ್ನು ಐದು ನಿಮಿಷ ಫ್ರಿಜ್ಜಿನಲ್ಲಿಟ್ಟರೆ ನೊಣಗಳು ಜಡವಾಗುತ್ತವೆ, ಹಾರಿಹೋಗುವ ತಾಪತ್ರಯವಿಲ್ಲ.

ಈ ನೊಣದ ಹಿಂದೆ ದೊಡ್ಡ ಚರಿತ್ರೆಯಿದೆ. ಅಮೇರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಹಾಲಿನ ಬಾಟ್ಲಿಗಳಲ್ಲಿ ಬಾಳೆಹಣ್ಣು ಹಾಕಿ ಇವನ್ನು ಬೆಳೆಸಿದರು. 1910ರಲ್ಲಿ ಅಲ್ಲಿ ಕಂಡ ಬಿಳಿಗಣ್ಣಿನ ಒಂದು ನೊಣ ಆನುವಂಶಿಕತೆಯ ಶಾಸ್ತ್ರಕ್ಕೆ ದಾರಿ ತೋರಿತು. 1933ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ರೆಕ್ಕೆ ಮೊಟಕಾದ, ಹಾರಲಾರದ ತಳಿ ಸಿಕ್ಕಿದುದೂ ಅವರ ಪ್ರಯೋಗಶಾಲೆಯಲ್ಲೇ. ಇಂದು ಹುಳ ಸಾಕುವವರು ಮೇವಿಗೆ ಬಳಸುವ ನೊಣಗಳಲ್ಲಿ ಆ ಮೊಟಕು ರೆಕ್ಕೆಯದೂ ಒಂದು. ಆದರೆ ಶಾಖ 30 ಡಿಗ್ರಿ ಮೀರಿದರೆ ಆ ಮೊಟಕು ರೆಕ್ಕೆ ಸ್ವಲ್ಪ ಬೆಳೆಯುತ್ತದೆ, ಗಂಡುಗಳು ಬಂಜೆಯಾಗುತ್ತವೆ. ನಮ್ಮ ಏಪ್ರಿಲ್ ಸೆಕೆಗೆ ಯಾವ ನೊಣವಾದರೂ ಬಾಟ್ಲಿಯನ್ನು ನೀರಿನ ಮಣ್ಣಿನ ಮಡಕೆಗೆ ಒತ್ತಿ ಇಡಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ, ಪ್ರಾಣಿಶಾಸ್ತ್ರ ವಿಭಾಗದಲ್ಲಿ, ಈ ನೊಣದ ಹಲವು ತಳಿಗಳನ್ನು ಕಾಪಾಡುವ ಕೇಂದ್ರವೇ ಇದೆಯೆಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ.

ಚಿಮ್ಮಂಡೆ

ಮರಿ ಬೆಳೆದಂತೆ ನೊಣ ಸಾಲದು. ಆಗ ಬೇಕಾಗುವುದು ರಾತ್ರಿ ಕಿರ್ರೆಂದು ಕೂಗುವ ಚಿಮ್ಮಂಡೆ. ಕೆಲವರು ಇದನ್ನೂ ಜೀರುಂಡೆ ಎನ್ನುವುದುಂಟು. ರೆಕ್ಕೆಯ ಬುಡದಲ್ಲಿ ಎರಡು ಹಳದಿ ಚುಕ್ಕೆಗಳಿರುವ ಕರಿಯ ಜಾತಿ ನಮ್ಮ ದೇಶದ್ದೇ. ಮದ್ದು ಬೀಳದ ಅಂಗಳದಿಂದ ನಾಲ್ಕೈದು ಜೋಡಿ ಹಿಡಿದು ಅವುಗಳಿಂದ ಸಂತಾನ ಪಡೆದರಾಯಿತು. ಮೇವಿಗೆ ಹೋಗಬೇಕಾದುದು ಹಿಡಿದವಲ್ಲ, ಅವುಗಳ ಮರಿಗಳು.

ನುಣುಪು ಗೋಡೆಯ ಪ್ಲಾಸ್ಟಿಕ್ ಡಬ್ಬ, ಒಳಗೆ ಅಡಗಲು ಮೊಟ್ಟೆಯ ಟ್ರೇ ಚೂರು, ತಿನ್ನಲು ತೌಡು ಮತ್ತು ಸೊಪ್ಪು. ನೀರನ್ನು ಬಟ್ಟಲಲ್ಲಿಟ್ಟರೆ ಮರಿಗಳು ಮುಳುಗುತ್ತವೆ, ಒದ್ದೆ ಹತ್ತಿ ಸಾಕು. ಮೊಟ್ಟೆಯಿಡಲು ಹಸಿಯಾದ ತೆಂಗಿನ ನಾರಿನ ಹುಡಿಯ ಸಣ್ಣ ತಟ್ಟೆ ಬೇಕು. 30 ಡಿಗ್ರಿಯ ಸುಮಾರಿಗೆ ಎರಡು ವಾರದೊಳಗೆ ಮರಿ, ಮತ್ತೆ ಒಂದೂವರೆ ಎರಡು ತಿಂಗಳಲ್ಲಿ ಪ್ರಾಯಕ್ಕೆ ಬರುತ್ತವೆ. ನೀರು, ತಿಂಡಿ, ಜಾಗ ಕಡಿಮೆಯಾದರೆ ಒಂದನ್ನೊಂದು ತಿನ್ನುತ್ತವೆ.

ಹೊರದೇಶಗಳಲ್ಲಿ ಚಿಮ್ಮಂಡೆ ಬೆಳೆಸುವುದೇ ದೊಡ್ಡ ವ್ಯಾಪಾರ. 2010ರ ಸುಮಾರಿಗೆ ಅಮೇರಿಕದ ಆ ಸಾಕಣೆಗಳಿಗೆ ಒಂದು ವೈರಸ್ ತಗಲಿ ಲಕ್ಷಗಟ್ಟಲೆ ಸತ್ತುವು, ಕೆಲವರು ದಿವಾಳಿಯಾದರು. ಒಂದೇ ಜಾತಿಯನ್ನು ಒತ್ತೊತ್ತಾಗಿ ತುಂಬಿದರೆ ಏನಾದೀತೆಂಬುದಕ್ಕೆ ಅದೊಂದು ಪಾಠ. ಒಂದರ ಬದಲು ಎರಡು ಡಬ್ಬಗಳನ್ನು ಬೇರೆ ಬೇರೆ ಕಡೆ ಇಡುವುದು ಜಾಣತನ.

ಹಿಟ್ಟಿನ ಹುಳ

ಮೂರನೆಯದು ಮೀಲ್‌ವರ್ಮ್ ಎಂಬ ಹಿಟ್ಟಿನ ಹುಳ, ಒಂದು ಕರಿಯ ದುಂಬಿಯ ಮರಿ. ದೊಡ್ಡ ಪೇಟೆಗಳಲ್ಲಿ ಮೀನು, ಹಕ್ಕಿ ಮಾರುವ ಕೆಲವು ಅಂಗಡಿಗಳಲ್ಲಿ ಸಿಗುತ್ತದೆ. ಗೋಧಿ ಬೂಸಾ ತುಂಬಿದ ಡಬ್ಬದಲ್ಲಿ ಬಿಟ್ಟು, ನೀರಿನ ಬದಲು ಕ್ಯಾರೆಟ್ ಚೂರು ಹಾಕಿದರೆ ಮುಗಿಯಿತು. ಬೂಸಲು ಬರುವ ಮೊದಲೇ ಚೂರನ್ನು ಬದಲಾಯಿಸಬೇಕು. ಮೊಟ್ಟೆಯಿಂದ ದುಂಬಿಯಾಗಲು ಮೂರು ನಾಲ್ಕು ತಿಂಗಳಾದರೂ ಬೇಕು. ಅವಸರದವರಿಗೆ ಇದಲ್ಲ. ಇದು ದಾಸ್ತಾನಿನ ಧಾನ್ಯಕ್ಕೆ ಬೀಳುವ ಹುಳ, ಅಡಿಗೆಮನೆಯಿಂದ ದೂರವಿಡಿ. ಅದರ ಹುಡಿ ಕೆಲವರಿಗೆ ಸೀನು, ತುರಿಕೆ ತರುತ್ತದೆ, ಬೂಸಾ ಜರಡಿ ಹಿಡಿಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು.

ಮೂರಕ್ಕೂ ಸಮಾನವಾದ ಶತ್ರು ಇರುವೆ. ಮೇಜಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿಡುವ ಅಜ್ಜಿಯಂದಿರ ಉಪಾಯಕ್ಕಿಂತ ಮೇಲಾದುದು ಇಲ್ಲ.

ಕೊಡುವ ಕ್ರಮ

ಮೇವಿನ ಹುಳ ಹೊಟ್ಟೆ ತುಂಬಿದ್ದರೆ ಮಾತ್ರ ಅದನ್ನು ತಿಂದವರಿಗೆ ಪುಷ್ಟಿ. ಕೊಡುವ ಮುಂಚಿನ ದಿನ ಅದಕ್ಕೆ ಒಳ್ಳೆಯ ಸೊಪ್ಪು, ಕ್ಯಾರೆಟ್ ತಿನ್ನಿಸಬೇಕು. ಸೂರ್ಯನ ಕುದುರೆ ಪೊರೆ ಕಳಚುವ ಮೊದಲು ಊಟ ಬಿಟ್ಟು ತಲೆಕೆಳಗಾಗಿ ತೂಗುತ್ತದೆ. ಆಗ ಮೈ ಮೆತ್ತಗೆ, ರಕ್ಷಣೆಯಿಲ್ಲ. ಬಾಟ್ಲಿಯಲ್ಲಿ ಚಿಮ್ಮಂಡೆ ಉಳಿದಿದ್ದರೆ ಅದೇ ಕುದುರೆಯನ್ನು ಕಚ್ಚಿ ಕೊಂದೀತು! ಬೇಡವೆಂದ ಮೇವನ್ನು ಒಂದು ದಿನದೊಳಗೆ ತೆಗೆಯಲೇಬೇಕು. ತೂಗಲು ಎಡೆಯಿರುವಂತೆ ಬಾಟ್ಲಿಯ ಎತ್ತರ ಹುಳದ ಉದ್ದಕ್ಕೆ ಮೂರು ಪಾಲಿರಲಿ.

ಹಿಂಸೆಯಲ್ಲವೇ?

ಒಂದು ಜೀವವನ್ನು ಸಾಕಲು ಇನ್ನೊಂದನ್ನು ಬಲಿಕೊಡುವುದು ಪಾಪವಲ್ಲವೇ ಎಂದು ಮಕ್ಕಳು ನಮ್ಮನ್ನು ಕೇಳುತ್ತಾರೆ. ಅವರ ತಾಯಂದಿರೂ ಕೇಳುತ್ತಾರೆ. ತಳ್ಳಿಹಾಕುವ ಪ್ರಶ್ನೆಯಲ್ಲ ಇದು. ಬೇಲಿಯಲ್ಲಿದ್ದರೂ ಸೂರ್ಯನ ಕುದುರೆ ತಿನ್ನುವುದು ಹುಳವನ್ನೇ, ನಿಜ. ಆದರೆ ಬೇಲಿಯಲ್ಲಿ ಅದು ತನ್ನ ಊಟವನ್ನು ತಾನೇ ಹುಡುಕುತ್ತದೆ. ಬಾಟ್ಲಿಯಲ್ಲಿ ಅದಕ್ಕೆ ನಮ್ಮ ಹೊರತು ದಿಕ್ಕಿಲ್ಲ. ಉಣಿಸಲಾರದವನು ಹಿಡಿದು ತರಬಾರದು. ಮೇವಿನ ಹುಳಕ್ಕೂ ಅದರ ದಿನ ಬರುವ ತನಕ ನೀರು, ನೆರಳು, ಆಹಾರ ಕೊಡುವುದು ನಮ್ಮ ಹೊಣೆ. ಮನಸ್ಸು ಒಪ್ಪದವರಿಗೆ ಬೇರೆ ದಾರಿಯಿದೆ. ಕಡ್ಡಿಹುಳವನ್ನು ಸಾಕಲಿ. ಅದರ ಹಲವು ಜಾತಿಗಳಿಗೆ ಪೇರಳೆ ಎಲೆಯೇ ಊಟ, ಯಾರನ್ನೂ ಕೊಲ್ಲಬೇಕಾಗಿಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆ. ಹೊರದೇಶದ ಹುಳವನ್ನು ತರಿಸಬೇಡಿ, ಅಂಗಡಿಯಲ್ಲಿ ಕೊಂಡ ಹುಳವನ್ನು ಹೊರಗೆ ಬಿಡಬೇಡಿ. 1847ರಲ್ಲಿ ಬೆನ್ಸನ್ ಎಂಬ ಬಸವನಹುಳುಗಳ ಅಭ್ಯಾಸಿಯೊಬ್ಬರು ಮಾರಿಷಸ್‌ನಿಂದ ಕಲ್ಕತ್ತೆಗೆ ತಂದ ಆಫ್ರಿಕದ ದೈತ್ಯ ಬಸವನಹುಳು ಇಂದು ಕೇರಳದ ಎಷ್ಟೋ ತೋಟಗಳನ್ನು ಮಳೆಗಾಲದಲ್ಲಿ ತಿಂದುಹಾಕುತ್ತಿದೆ. ಒಬ್ಬರ ಕುತೂಹಲದ ಬೆಲೆಯನ್ನು ಕೃಷಿಕರು ತೆರುತ್ತಿದ್ದಾರೆ.

ನಮ್ಮೂರಿನ ಬೇಲಿಯಲ್ಲಿ ಸಿಗುವ ಒಂದು ಸೂರ್ಯನ ಕುದುರೆ, ಎರಡು ಬಾಟ್ಲಿ ಹಣ್ಣುನೊಣ, ಒಂದು ನೋಟುಪುಸ್ತಕ ಇದ್ದರೆ ವರ್ಷದ ಜೀವಶಾಸ್ತ್ರಕ್ಕೆ ಬೇಕಾದಷ್ಟು ವಸ್ತು ಸಿಕ್ಕಿತು. ಎಂದು ಮೊಟ್ಟೆ, ಎಂದು ಮರಿ, ಎಷ್ಟು ಬಾರಿ ಪೊರೆ ಕಳಚಿತು ಎಂದು ಮಕ್ಕಳು ದಿನವೂ ಕನ್ನಡದಲ್ಲಿ ಬರೆದಿಡಲಿ. ಪರೀಕ್ಷೆ ಮುಗಿದ ಮೇಲೆ ಕುದುರೆಯನ್ನು ಹಿಡಿದ ಬೇಲಿಯಲ್ಲೇ ಬಿಟ್ಟುಬಿಡಲಿ.